ಕರ್ನಲ್ ದ ಮ್ಯೂರಾನನೂ ಅವನ ದಂಡೂ

ಬೆಂಗಳೂರಿನ ದಕ್ಷಿಣ ದಿಕ್ಕಿಗೆ ಬೇಗೂರೆಂಬ ಪುರಾತನ ಗ್ರಾಮವಿರುವುದು. ಜಯನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳು ಹಬ್ಬುತ್ತ ಹೋಗಿ ಈಗ ಅದು ನಗರದೊಳಗೇ ಸೇರಿಹೋಗಿದೆ. ಅಲ್ಲಿಯ ನಾಗೇಶ್ವರ ದೇವಾಲಯದಲ್ಲಿ ಕ್ರಿಸ್ತಶಕ 890ರ ಸುಮಾರಿನದೆಂದು ವಿದ್ವಾಂಸರು ನಿರ್ಣಯಿಸಿರುವ ಒಂದು ವೀರಗಲ್ಲು ಉಂಟು. ಗಂಗರ ಕಾಲದ ನಾಗತ್ತರನೆಂಬ ನಾಯಕನ ಕಡೆಯವನೊಬ್ಬನು ಬೆಂಗಳೂರಿನ ಕಾಳಗದಲ್ಲಿ ಮಡಿದನೆಂಬುದು ಅದರ ಸಾರಾಂಶ. ನಮ್ಮ ಊರಿನ ಹೆಸರು ಮೊತ್ತಮೊದಲು ಕಾಣಬರುವುದು ಈ ಕಲ್ಲಿನಲ್ಲಿಯೇ. ಅರಸರ ಬಿರುದಾವಳಿಗಳು ಎಷ್ಟಿದ್ದರೂ, ಒಡೆಯನ ಕೆಲಸದಲ್ಲಿ ಪ್ರಾಣವಿತ್ತ ಒಬ್ಬ ಆಳಿನ ನೆನಪಿನ ಕಲ್ಲೇ ನಮ್ಮ ಊರಿಗೆ ಮೊದಲ ಸಾಕ್ಷಿಯಾಗಿ ನಿಂತಿರುವುದು ಮರೆಯತಕ್ಕ ಮಾತಲ್ಲ.

ಬೇರೊಂದು ಬಗೆಯ ನೆನಪಿನ ಕಲ್ಲುಗಳೂ ನಮ್ಮ ನಾಡಿನಲ್ಲಿವೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಶ್ರೀರಂಗಪಟ್ಟಣದಲ್ಲಿ ಇಳಿದರೆ, ಹೆದ್ದಾರಿಗೆ ಅನತಿದೂರದಲ್ಲಿ, ಕಾವೇರಿಯ ತಡಿಯಲ್ಲಿ, ಯೂರೋಪಿಯರ ಹಳೆಯ ಸ್ಮಶಾನವೊಂದನ್ನು ನೋಡಬಹುದು. ಇಟ್ಟಿಗೆ ಗಾರೆಗಳಿಂದ ಗೋಪುರದಂತೆಯೂ ಕಂಬದಂತೆಯೂ ಎತ್ತಿ ಕಟ್ಟಿದ ಸಮಾಧಿಗಳು ಅಲ್ಲಿ ಸಾಲುಸಾಲಾಗಿವೆ. ಎಣಿಸಿದವರು ಮುನ್ನೂರಕ್ಕೆ ಮೇಲ್ಪಟ್ಟು ಇವೆಯೆಂದು ಹೇಳುತ್ತಾರೆ. ಯುದ್ಧಸ್ಮಶಾನವೆಂದು ತಿಳಿದು ಒಳಗೆ ಹೋದವರು ಅಲ್ಲಿ ಹೆಂಗಸರ ಸಮಾಧಿಗಳನ್ನೂ ಎಳೆಯ ಕೂಸುಗಳ ಸಮಾಧಿಗಳನ್ನೂ ಕಂಡು ಒಂದು ಗಳಿಗೆ ಸುಮ್ಮನೆ ನಿಲ್ಲುವರು. ಇಲ್ಲಿ ಮಣ್ಣಾದವರೆಲ್ಲರೂ ಇಂಗ್ಲಿಷರೆಂದು ನಮ್ಮ ಜನ ಸಾಮಾನ್ಯವಾಗಿ ಭಾವಿಸಿದ್ದಾರೆ. ಅದು ಹಾಗಲ್ಲ. ಇವರಲ್ಲಿ ಅನೇಕರು ಸ್ವಿಟ್ಸರ್ಲೆಂಡಿನ ಒಬ್ಬ ಸರದಾರನ ಹೆಸರಿನಲ್ಲಿ ನಡೆಯುತ್ತಿದ್ದ ‘ದ ಮ್ಯೂರಾನ್ ದಂಡಿ’ಗೆ ಸೇರಿದವರು.

ಸಮುದ್ರವೇ ಇಲ್ಲದ ಆ ಬೆಟ್ಟದ ನಾಡಿನಿಂದ ಹೊರಟ ದಂಡು ಏಳು ಸಮುದ್ರ ದಾಟಿ ಶ್ರೀರಂಗಪಟ್ಟಣದ ಕೋಟೆಯನ್ನು ಹತ್ತಿದ್ದು ಹೇಗೆ? ಯಾರ ಮೇಲಿನ ದ್ವೇಷದಿಂದ, ಯಾರ ಮೇಲಿನ ಪ್ರೀತಿಯಿಂದ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಈ ಲೇಖನದ ಉದ್ದೇಶ. ಉತ್ತರ ದೊರೆತಮೇಲೆ ಅದು ನಮ್ಮನ್ನೂ ಒಂದು ಮಾತು ಕೇಳುವುದು. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಸ್ವಿಟ್ಸರ್ಲೆಂಡು ಇಂದು ಸಿರಿವಂತ ದೇಶ. ಯುದ್ಧಗಳಿಂದ ದೂರವಿರುವುದಕ್ಕೆ ಹೆಸರಾದ ದೇಶ. ಆದರೆ ಇನ್ನೂರು ಮುನ್ನೂರು ವರ್ಷಗಳ ಹಿಂದೆ ಅದರ ಸ್ಥಿತಿ ಬೇರೆಯಾಗಿದ್ದಿತು. ಉಳುವ ನೆಲ ಕಡಮೆ, ಚಳಿಗಾಲ ದೀರ್ಘ, ಮನೆಯಲ್ಲಿ ಮಕ್ಕಳು ಹೆಚ್ಚು. ತಂದೆಯ ಹಿಡಿಭೂಮಿ ಹಿರಿಯ ಮಗನಿಗೆ ಸಾಲದಿರುವಾಗ ಕಿರಿಯರು ಎಲ್ಲಿಗೆ ಹೋಗಬೇಕು? ಅವರು ಪರದೇಶದ ದೊರೆಗಳ ದಂಡು ಸೇರಿದರು. ಅಲ್ಲಿಯ ಪ್ರಾಂತ್ಯ ಸರಕಾರಗಳು ಫ್ರಾನ್ಸ್, ಸ್ಪೇನ್, ಹಾಲೆಂಡು ಮುಂತಾದ ರಾಜ್ಯಗಳೊಡನೆ ಕರಾರು ಮಾಡಿಕೊಂಡು ತಮ್ಮ ತರುಣರನ್ನು ಪಟಾಲಮು ಪಟಾಲಮಾಗಿ ಕಳುಹಿಸುತ್ತಿದ್ದುವು. ಕೊಟ್ಟ ಮಾತಿಗೆ ತಪ್ಪದವರೆಂಬ ಕೀರ್ತಿ ಸ್ವಿಸ್ ಸಿಪಾಯಿಗಳಿಗೆ ಯೂರೋಪಿನಲ್ಲೆಲ್ಲ ಇದ್ದಿತು. 1792ನೆಯ ಇಸವಿ ಆಗಸ್ಟ್ 10ರಂದು ಪ್ಯಾರಿಸ್ ನಗರದ ಜನ ಅರಮನೆಗೆ ನುಗ್ಗಿದಾಗ ಫ್ರೆಂಚ್ ದೊರೆಯ ಸ್ವಿಸ್ ಕಾವಲು ಪಡೆಯವರು ನೂರಾರು ಮಂದಿ ಕಾದಿ ಸತ್ತರು. ಆ ದೊರೆ ಅವರ ದೇಶದವನಲ್ಲ, ಅವರ ಭಾಷೆಯವನೆಂದೂ ಹೇಳುವ ಹಾಗಿಲ್ಲ. ಆದರೂ ಕರಾರು ಕರಾರೇ.

ನಮ್ಮ ಕಥಾನಾಯಕನಾದ ಶಾರ್ಲ್ ದಾನಿಯೆಲ್ ದ ಮ್ಯೂರಾನನು 1738ರಲ್ಲಿ ನ್ಯೂಶಾಟೆಲ್ ಸೀಮೆಯಲ್ಲಿ ಹುಟ್ಟಿದನು. ಆ ಸೀಮೆಯ ರಾಜಕೀಯವೇ ಒಂದು ವಿಚಿತ್ರ. ಜನರ ಮಾತು ಫ್ರೆಂಚ್. 1707ರಿಂದ ಒಡೆತನ ಜರ್ಮನಿಯ ಪ್ರಷ್ಯಾ ದೊರೆಯದು. ನಂಟು ಸ್ವಿಸ್ ಒಕ್ಕೂಟದೊಡನೆ. ಇಂಥ ಊರಿನಲ್ಲಿ ಹುಟ್ಟಿದವನಿಗೆ ‘ನನ್ನ ದೇಶ ಯಾವುದು’ ಎಂಬ ಪ್ರಶ್ನೆ ಸುಲಭವಾದುದಲ್ಲ; ‘ನನ್ನ ಕರಾರು ಯಾರೊಡನೆ’ ಎಂಬುದು ಹೆಚ್ಚು ಸುಲಭ. ಅವನು ತರುಣನಾಗಿ ಫ್ರೆಂಚರ ನೌಕಾಸೇವೆಯಲ್ಲಿದ್ದ ಹಾಲ್ವಿಲ್ ಎಂಬ ಸ್ವಿಸ್ ಪಟಾಲಮನ್ನು ಸೇರಿ, 1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧದಲ್ಲಿ ಇಂಗ್ಲಿಷರ ವಿರುದ್ಧ ಹೋರಾಡಿದನು. ಬಳಿಕ ಪ್ಯಾರಿಸಿನ ಸ್ವಿಸ್ ಕಾವಲು ಪಡೆಯಲ್ಲಿ ಅಧಿಕಾರಿಯಾದನು. ನಲವತ್ತು ದಾಟುವ ಹೊತ್ತಿಗೆ ಅವನಿಗೆ ಅನುಭವವಿದ್ದಿತು, ಹೆಸರಿದ್ದಿತು. ಇಲ್ಲದಿದ್ದುದು ಸಂಪತ್ತು ಮಾತ್ರ.

ಸಂಪತ್ತಿಗೆ ದಾರಿ 1781ರಲ್ಲಿ ತೆರೆಯಿತು. ಆಗ ಇಂಗ್ಲಿಷರಿಗೂ ಡಚ್ಚರಿಗೂ ಯುದ್ಧ. ಡಚ್ ಈಸ್ಟ್ ಇಂಡಿಯಾ ಕಂಪೆನಿಗೆ ಗುಡ್ ಹೋಪ್ ಭೂಶಿರವನ್ನೂ ಸಿಂಹಳದ್ವೀಪವನ್ನೂ ಕಾಯುವುದಕ್ಕೆ ಸಿಪಾಯಿಗಳು ಬೇಕಾಗಿದ್ದರು. ಸಾವಿರಕ್ಕೆ ಮಿಗಿಲಾದ ಕಾಲಾಳುಗಳ ಒಂದು ದಂಡನ್ನು ಕಟ್ಟಿಕೊಡುವುದಾಗಿ ದ ಮ್ಯೂರಾನನು ಕಂಪೆನಿಯೊಡನೆ ಕರಾರು ಮಾಡಿಕೊಂಡನು. ಇಂಥ ದಂಡಿನ ಏರ್ಪಾಡನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಆ ದಂಡು ಸರಕಾರದ್ದಲ್ಲ, ಕರ್ನಲನ ಸ್ವತ್ತು. ಆಳುಗಳನ್ನು ಸೇರಿಸುವವನು ಅವನು, ಅಧಿಕಾರಿಗಳನ್ನು ಆರಿಸುವವನು ಅವನು. ಕಂಪೆನಿಯಿಂದ ಹಣವನ್ನು ಪಡೆದು ಸಂಬಳ ಸಮವಸ್ತ್ರಗಳನ್ನು ಒದಗಿಸುವವನೂ ಅವನೇ. ಕೊಂಡ ಹಣಕ್ಕೂ ಕೊಟ್ಟ ಹಣಕ್ಕೂ ನಡುವಣ ಉಳಿತಾಯವೇ ಅವನ ಲಾಭ. ನಮ್ಮ ಕಡೆ ಗಾಡಿ ಎತ್ತುಗಳನ್ನು ಇಟ್ಟುಕೊಂಡು ಬಾಡಿಗೆಗೆ ಬಿಡುವ ಸಾಹುಕಾರನಿದ್ದಂತೆ, ಅಲ್ಲಿ ಮನುಷ್ಯರನ್ನು ಇಟ್ಟುಕೊಂಡು ಯುದ್ಧಕ್ಕೆ ಬಿಡುವ ಕರ್ನಲ್.

ಕನ್ನಡಿಗರಾದ ನಾವು ಲಕ್ಷ್ಯವಿಡಬೇಕಾದ ಸಂಗತಿ ಇಲ್ಲಿಯೇ ಇದೆ. ಆ 1781ರಲ್ಲಿ ಇಂಗ್ಲಿಷರ ಮೇಲೆ ಯುದ್ಧ ಹೂಡಿದ್ದವರು ಯಾರು ಯಾರು? ಯೂರೋಪಿನಲ್ಲಿ ಫ್ರೆಂಚರು ಮತ್ತು ಡಚ್ಚರು. ದಕ್ಷಿಣ ಭಾರತದಲ್ಲಿ ಮೈಸೂರಿನ ನವಾಬ ಹೈದರಾಲಿ. ನಾಗಪಟ್ಟಣದ ಡಚ್ಚರು ಅದೇ ವರ್ಷ ಹೈದರನೊಡನೆ ಒಡಂಬಡಿಕೆ ಮಾಡಿಕೊಂಡಿದ್ದರು. ಹೀಗೆ ದ ಮ್ಯೂರಾನನ ದಂಡು ಹುಟ್ಟಿದ್ದೇ ಮೈಸೂರಿನ ಮಿತ್ರಪಕ್ಷದಲ್ಲಿ. ಪರದೇಶದ ಯೋಧರು ಮೈಸೂರಿನ ಪರವಾಗಿರುವುದು ಆ ಕಾಲಕ್ಕೆ ಹೊಸದೂ ಅಲ್ಲ. 1761ರಲ್ಲಿ ಪಾಂಡಿಚೇರಿ ಬಿದ್ದಾಗ ಅಲ್ಲಿಯ ಫ್ರೆಂಚ್ ಕುದುರೆ ದಂಡಿನ ಒಂದು ಭಾಗವು ಹೈದರನ ಆಶ್ರಯಕ್ಕೆ ಬಂದಿದ್ದಿತು. ದುಡ್ಡು ಕೊಟ್ಟವನ ಬಾಗಿಲಲ್ಲಿ ಕುದುರೆ ಕಟ್ಟುವುದು ಆಗಿನ ಯೋಧರಲ್ಲಿ ಅಪಮಾನದ ಮಾತಾಗಿರಲಿಲ್ಲ.

ದಂಡು ಮೊದಲು ಗುಡ್ ಹೋಪ್ ಭೂಶಿರಕ್ಕೆ ಬಂದಿತು. ಕೆಲವು ವರ್ಷ ಅಲ್ಲಿ ಕಾವಲಿದ್ದು 1788ರ ಹೊತ್ತಿಗೆ ಸಿಂಹಳಕ್ಕೆ ಸಾಗಿತು. ಕರ್ನಲನು ತಾನು ಯೂರೋಪಿಗೆ ಮರಳಿ, ದಂಡಿನ ಮೇಲ್ವಿಚಾರಣೆಯನ್ನು ತಮ್ಮನಾದ ಪಿಯೆರ್ ಫ್ರೆಡರಿಕ್ ದ ಮ್ಯೂರಾನನಿಗೆ ಒಪ್ಪಿಸಿದನು. ಮರಳುವಾಗ ಅವನೊಡನೆ ದೂರದೇಶದ ಅಪೂರ್ವ ವಸ್ತುಗಳೂ ಹೋದುವು. ಚಿಪ್ಪು, ಪಕ್ಷಿ, ಆಯುಧ, ಆಭರಣ ಮೊದಲಾದುವನ್ನು ಕೂಡಿಹಾಕುವುದು ಅವನ ಗೀಳು. ಲೆಕ್ಕದ ಮನುಷ್ಯನ ಎದೆಯಲ್ಲಿಯೂ ಕೌತುಕಕ್ಕೆ ಒಂದು ಮೂಲೆ ಇರುತ್ತದೆ.

ಇತ್ತ ಸಿಂಹಳದಲ್ಲಿ ದಂಡಿನ ಸ್ಥಿತಿ ಕೆಡುತ್ತ ಬಂದಿತು. ಡಚ್ ಕಂಪೆನಿ ದಿವಾಳಿಯ ಅಂಚಿನಲ್ಲಿದ್ದಿತು. ಕರ್ನಲನಿಗೆ ಸಲ್ಲಬೇಕಾದ ಹಣ ಬಾಕಿ ನಿಂತಿದ್ದಿತು. ಅಷ್ಟರಲ್ಲಿ 1795ರ ಆದಿಯಲ್ಲಿ ಕ್ರಾಂತಿಕಾರಿ ಫ್ರೆಂಚರು ಹಾಲೆಂಡನ್ನು ಆಕ್ರಮಿಸಿದರು. ಅಲ್ಲಿಯ ಅಧಿಪತಿಯು ಇಂಗ್ಲೆಂಡಿಗೆ ಓಡಿಹೋದನು. ಸಿಂಹಳವು ಫ್ರೆಂಚರ ಕೈಗೆ ಬಿದ್ದರೆ ತಮ್ಮ ಭಾರತ ಸಾಮ್ರಾಜ್ಯಕ್ಕೆ ಕುತ್ತೆಂದು ಇಂಗ್ಲಿಷರು ಬೆದರಿದರು. ಆಗ ಅವರಿಗೆ ಒಂದು ಉಪಾಯ ತೋರಿತು. ಸಿಂಹಳದ ಡಚ್ ಸೈನ್ಯದಲ್ಲಿ ಪ್ರಬಲ ಭಾಗವು ದ ಮ್ಯೂರಾನನ ದಂಡು; ಆ ದಂಡು ಕರ್ನಲನ ಸ್ವತ್ತು; ಸ್ವತ್ತನ್ನು ಕೊಳ್ಳಬಹುದಲ್ಲವೆ?

ಈ ಕಾರ್ಯಕ್ಕೆ ನೇಮಕನಾದವನು ಯೋಧನಲ್ಲ, ಉಪಾಧ್ಯಾಯ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದ ಹ್ಯೂ ಕ್ಲೆಗಾರ್ನ್ ಎಂಬವನು. ಅವನು ನ್ಯೂಶಾಟೆಲಿಗೆ ಹೋಗಿ, 1795ರ ಮಾರ್ಚ್ ಕೊನೆಯಲ್ಲಿ, ದ ಮ್ಯೂರಾನನೊಡನೆ ಹೊಸ ಕರಾರನ್ನು ಬರೆಯಿಸಿದನು. ಡಚ್ಚರಿಂದ ಬರಬೇಕಾಗಿದ್ದ ಬಾಕಿಯ ವಿಷಯದಲ್ಲಿ ಇಂಗ್ಲಿಷರು ಹೊಣೆ ಹೊತ್ತರು. ಕರ್ನಲನಿಗೆ ಮೇಜರ್ ಜನರಲ್ ಪದವಿಯನ್ನು ವಾಗ್ದಾನ ಮಾಡಿದರು. ಅದಕ್ಕೆ ಪ್ರತಿಯಾಗಿ ಇಡೀ ದಂಡು ಡಚ್ಚರ ಸೇವೆಯಿಂದ ಇಂಗ್ಲಿಷರ ಸೇವೆಗೆ ಬರತಕ್ಕದ್ದು. ಸಿಂಹಳದ ಸೆಕೆಯಲ್ಲಿ ಪಹರೆ ತಿರುಗುತ್ತಿದ್ದ ಸಿಪಾಯಿಗಳನ್ನು ಈ ವಿಷಯದಲ್ಲಿ ಕೇಳಿದವರಿಲ್ಲ. ಅವರ ಶತ್ರುಗಳೂ ಮಿತ್ರರೂ ಸಾವಿರಾರು ಮೈಲಿಯಾಚೆ ಒಂದು ಕಾಗದದ ಮೇಲೆ ಅದಲುಬದಲಾಗಿಹೋದರು.

ಬಳಿಕ ಕ್ಲೆಗಾರ್ನನೂ ದ ಮ್ಯೂರಾನನೂ ಒಟ್ಟಿಗೆ ಹೊರಟು, ಈಜಿಪ್ಟನ್ನು ಹಾದು, ಕೆಂಪು ಸಮುದ್ರದ ಮಾರ್ಗವಾಗಿ ಮಲಬಾರಿನ ತೀರವನ್ನು ಮುಟ್ಟಿದರು. ಕೊಲಂಬೊ ಕೋಟೆಯೊಳಗಿದ್ದ ತಮ್ಮನಿಗೆ ಈ ಸುದ್ದಿಯನ್ನು ಮುಟ್ಟಿಸಲು ಕಾಗದವನ್ನು ಒಂದು ಡಚ್ ಗಿಣ್ಣಿನ ಗಡ್ಡೆಯೊಳಗೆ ಬಚ್ಚಿಟ್ಟು ಕಳುಹಿಸಿದರೆಂದು ಒಂದು ಕಥೆ ಪ್ರಚಾರದಲ್ಲಿದೆ. ಕಥೆ ಹೇಗೇ ಇರಲಿ, ಫಲ ಮಾತ್ರ ನಿಶ್ಚಿತ. ಡಚ್ ಗವರ್ನರನಾದ ವಾನ್ ಆಂಗೆಲ್‌ಬೆಕನು ತಡೆಯಲಾರದೆ ದಂಡನ್ನು ಬಿಟ್ಟುಕೊಟ್ಟನು. 1796ರ ಫೆಬ್ರವರಿಯಲ್ಲಿ ಕೊಲಂಬೊ ಹೆಚ್ಚು ಕಾಳಗವಿಲ್ಲದೆ ಇಂಗ್ಲಿಷರ ವಶವಾಯಿತು.

ತಮ್ಮನಾದ ಪಿಯೆರ್ ಫ್ರೆಡರಿಕನ ವಿಷಯವಾಗಿ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. 1797ರಲ್ಲಿ ಮದರಾಸಿನಿಂದ ಬಂದ ಅಧಿಕಾರಿಗಳ ದರ್ಪದಿಂದಲೂ, ತೆಂಗಿನ ತೋಟಗಳ ಮೇಲೆ ಹಾಕಿದ ತೆರಿಗೆಯಿಂದಲೂ ನೊಂದು ಸಿಂಹಳದ ಜನ ದಂಗೆಯೆದ್ದರು. ಕಾರಣವನ್ನು ವಿಚಾರಿಸಲು ನೇಮಿಸಿದ ಮಂಡಲಿಗೆ ಅವನೇ ಅಧ್ಯಕ್ಷ. ತಪ್ಪು ಆಡಳಿತದ್ದೆಂದೂ, ಊರಿನ ಹಳೆಯ ಪದ್ಧತಿಗಳನ್ನು ಅರಿಯದೆ ಕಿತ್ತುಹಾಕಿದುದರ ಫಲವೆಂದೂ ಆ ಮಂಡಲಿ ನಿಷ್ಠುರವಾಗಿ ಹೇಳಿತು. ಸಿಂಹಳದ ಇತಿಹಾಸದಲ್ಲಿ ದ ಮ್ಯೂರಾನನ ಹೆಸರು ಈ ಒಳ್ಳೆಯ ಕೆಲಸಕ್ಕಾಗಿ ಉಳಿದಿದೆ. ಕೂಲಿಯ ಕತ್ತಿಯನ್ನು ಹಿಡಿದವನ ಬುದ್ಧಿಯೂ ಕೂಲಿಯದೇ ಆಗಿರಬೇಕೆಂಬ ನಿಯಮವಿಲ್ಲ.

ಇನ್ನು ನಮ್ಮ ನಾಡಿನ ಕಥೆಗೆ ಬರೋಣ. 1799ರ ಫೆಬ್ರವರಿಯಲ್ಲಿ ಜನರಲ್ ಹ್ಯಾರಿಸನು ವೇಲೂರಿನಿಂದ ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಹೊರಟನು. ಆ ಸೈನ್ಯದಲ್ಲಿ ದ ಮ್ಯೂರಾನನ ದಂಡೂ ಇದ್ದಿತು. ಕರ್ನಲ್ ಶೆರ್‌ಬ್ರೂಕನ ಅಧೀನದಲ್ಲಿ, 73ನೆಯ ಇಂಗ್ಲಿಷ್ ಪಟಾಲಮಿನ ಜೊತೆಗೆ, ಒಂದೇ ತುಕಡಿಯಾಗಿ ಅದನ್ನು ನಿಲ್ಲಿಸಲಾಗಿದ್ದಿತು. ಮಾರ್ಚ್ ತಿಂಗಳಲ್ಲಿ ಸೈನ್ಯವು ಘಟ್ಟವನ್ನೇರಿ ಮೈಸೂರು ಸೀಮೆಯನ್ನು ಪ್ರವೇಶಿಸಿತು. ನಿಜಾಮನ ಪಡೆಯೂ ಕೂಡಿ ಯೋಧರೇ ಮೂವತ್ತು ಸಾವಿರದ ಮೇಲಿದ್ದರು. ಹೊರೆಯ ಎತ್ತುಗಳು ಲಕ್ಷದ ಲೆಕ್ಕ. ಈ ಮಹಾಸಮೂಹವು ಬೆಂಗಳೂರಿನ ಕೋಟೆಯ ಗೊಡವೆಗೆ ಹೋಗದೆ, ಊರಿನ ದಕ್ಷಿಣಕ್ಕೆ ಸರಿದು, ಕಾನಕಾನಹಳ್ಳಿಯ ದಾರಿಯನ್ನು ಹಿಡಿಯಿತು. ಕಾನಕಾನಹಳ್ಳಿಯೆಂದರೆ ಇಂದಿನ ಕನಕಪುರ. ಬನಶಂಕರಿ ದೇವಸ್ಥಾನದ ಮುಂದೆ ಹಾದು ತೆಂಕಣಕ್ಕೆ ಹೋಗುವ ಕನಕಪುರದ ರಸ್ತೆಯಲ್ಲಿ ಈಗ ಸಾವಿರಾರು ಮೋಟಾರುಗಳು ಹಗಲಿರುಳು ಹರಿಯುತ್ತವೆ. ಅದೇ ದಿಕ್ಕಿನ ಬಯಲುಗಳಲ್ಲಿ ಅಂದು, ಮೇವನ್ನು ಸುಲ್ತಾನನ ಸವಾರರು ಸುಟ್ಟುಹಾಕಿದ್ದ ಬಿರುಬಿಸಿಲಿನ ದಾರಿಯಲ್ಲಿ, ಫ್ರೆಂಚ್ ಜರ್ಮನ್ ಮಾತುಗಳನ್ನಾಡುತ್ತ ಈ ಪರದೇಶಿಗಳು ನಡೆದುಹೋದರೆಂಬುದನ್ನು ನಮ್ಮ ದಕ್ಷಿಣ ಬಡಾವಣೆಗಳ ನಿವಾಸಿಗಳು ಒಮ್ಮೆ ನೆನೆದರೆ, ದಿನವೂ ತುಳಿಯುವ ರಸ್ತೆ ಬೇರೆಯಾಗಿ ಕಂಡೀತು.

ಮಾರ್ಚ್ 27ರಂದು ಮಳವಳ್ಳಿಯಲ್ಲಿ ಸುಲ್ತಾನನು ಎದುರಾಗಿ ಹಿಮ್ಮೆಟ್ಟಿದನು. ಸೈನ್ಯವು ಸೋಸಲೆಯ ಬಳಿ ಕಾವೇರಿಯನ್ನು ದಾಟಿ ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಿತು. ಒಂದು ತಿಂಗಳ ಮುತ್ತಿಗೆಯಾಯಿತು. ಗುಂಡಿನ ಪೆಟ್ಟಿಗೆ ಕೋಟೆಯ ವಾಯವ್ಯ ಭಾಗದ ಗೋಡೆ ಬಿರಿಯಿತು. ಮೇ 4ರ ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದು ಕಾವಲಿನವರು ಊಟಕ್ಕೆ ಕುಳಿತ ಹೊತ್ತಿನಲ್ಲಿ, ಬಂಡೆಗಳ ನಡುವೆ ಹರಿಯುವ ನದಿಯನ್ನು ದಾಟಿ 4,376 ಮಂದಿ ಬಿರುಕಿಗೆ ನುಗ್ಗಿದರು. ದ ಮ್ಯೂರಾನ್ ದಂಡಿನ ಆಯ್ದ ತುಕಡಿಯವರು ಅವರಲ್ಲಿದ್ದರು. ಸಂಜೆಯ ಹೊತ್ತಿಗೆ ಎಲ್ಲವೂ ಮುಗಿದು, ಸುಲ್ತಾನನ ದೇಹವು ಕೋಟೆಬಾಗಿಲ ಹೆಣಗಳ ರಾಶಿಯಲ್ಲಿ ದೊರೆಯಿತು. ಹದಿನೆಂಟು ವರ್ಷಗಳ ಹಿಂದೆ ಮೈಸೂರಿನ ಮಿತ್ರರ ಕಾಸಿನಿಂದ ಹುಟ್ಟಿದ ದಂಡು ಹೀಗೆ ಮೈಸೂರಿನ ಕೋಟೆಯೊಳಗೆ ಶತ್ರುವಾಗಿ ಕಾಲಿಟ್ಟಿತು. ದಂಡಿನ ಬಾವುಟದ ಬಣ್ಣ ಬೇರೆಯಾಗಿದ್ದಿತು, ಹೆಸರು ಅದೇ.

ಗೆದ್ದವರಿಗೆ ಸಿಕ್ಕಿದುದೇನು? ಕೋಟೆಯ ಕೊಳ್ಳೆಯು ಹನ್ನೊಂದು ಲಕ್ಷ ಪೌಂಡಿಗೆ ಮೇಲ್ಪಟ್ಟಿತೆಂದು ಲೆಕ್ಕ. ಹಂಚಿಕೆಯಲ್ಲಿ ಸೇನಾಪತಿ ಹ್ಯಾರಿಸನ ಪಾಲು ಸುಮಾರು 1,43,000 ಪೌಂಡು. ಯೂರೋಪಿಯ ಸಿಪಾಯಿಯ ಪಾಲು ಸುಮಾರು 7 ಪೌಂಡು. ದೇಶೀಯ ಸಿಪಾಯಿಯದು 5. ಬಿರುಕನ್ನು ಹತ್ತಿದವನ ಪ್ರಾಣಕ್ಕೂ ಡೇರೆಯಲ್ಲಿ ನಿಂತು ಅಪ್ಪಣೆ ಕೊಟ್ಟವನ ಅಪ್ಪಣೆಗೂ ಇರುವ ಬೆಲೆಯ ಅಂತರವನ್ನು ಈ ಅಂಕಿಗಳಿಗಿಂತ ಸ್ಪಷ್ಟವಾಗಿ ಬೇರೆ ಯಾವ ಮಾತೂ ಹೇಳಲಾರದು.

ಯುದ್ಧ ಮುಗಿದಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರವರಿಗೆ 1799ರ ಜೂನ್ 30ರಂದು ಪಟ್ಟಾಭಿಷೇಕವಾಯಿತು. ಬಾಲಕ ದೊರೆಗಳ ಪರವಾಗಿ ಪೂರ್ಣಯ್ಯನವರು ರಾಜ್ಯಭಾರವನ್ನು ನಡೆಸಿದರು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಇಂಗ್ಲಿಷರು ತಾವೇ ಇಟ್ಟುಕೊಂಡು ಅಲ್ಲಿ ಕಾವಲು ಪಡೆಯನ್ನು ನಿಲ್ಲಿಸಿದರು. ಆ ಪಡೆಯಲ್ಲಿ ದ ಮ್ಯೂರಾನ್ ದಂಡಿನವರೂ ಸೇರಿದ್ದರು. ಅಧಿಕಾರಿಗಳು ಹೆಂಡಿರು ಮಕ್ಕಳೊಡನೆ ಬಿಡಾರ ಹೂಡಿದರು. ಆಗ ಕಾಣಿಸಿಕೊಂಡ ವೈರಿಗೆ ಕೋಟೆಯೂ ಇಲ್ಲ, ಫಿರಂಗಿಯೂ ಇಲ್ಲ. ಆ ದ್ವೀಪದ ಜ್ವರವು ವರ್ಷವರ್ಷವೂ ತನ್ನ ಕಪ್ಪವನ್ನು ತೆಗೆದುಕೊಳ್ಳುತ್ತ ಬಂದಿತು. ಜ್ವರವನ್ನು ಸೊಳ್ಳೆ ಹರಡುವುದೆಂಬುದು ಆಗ ಯಾರಿಗೂ ತಿಳಿಯದು. ಕೆಟ್ಟ ಗಾಳಿಯ ದೋಷವೆಂದು ನಂಬಿದ್ದರು. ಸುತ್ತ ಹೊಳೆ, ನಿಂತ ನೀರಿನ ಕಂದಕ, ಕಾಲುವೆಯ ಗದ್ದೆ. ಕಾವೇರಿಯ ತಡಿಯ ಸ್ಮಶಾನ 1800ರ ಸುಮಾರಿನಿಂದ ಬೆಳೆಯತೊಡಗಿದುದು ಈ ಬಗೆಯಲ್ಲಿ. ತಾಯಿ ಮಕ್ಕಳ ಸಮಾಧಿಗಳು ಅಲ್ಲಿರುವುದಕ್ಕೆ ಅರ್ಥವೂ ಇದೇ.

ಈ ಸಾವುಗಳಿಂದ ಬೆಂಗಳೂರಿನ ಭಾಗ್ಯವೂ ತಿರುಗಿತೆಂದರೆ ಓದುಗರು ಆಶ್ಚರ್ಯಪಡಬಹುದು. ಜ್ವರದ ದ್ವೀಪದಲ್ಲಿ ಸೈನ್ಯವನ್ನು ಇಡಲಾಗದೆಂದು ಮನಗಂಡ ಇಂಗ್ಲಿಷರು ಎತ್ತರದಲ್ಲಿದ್ದು ತಂಪಾದ ಬೆಂಗಳೂರನ್ನು ಆರಿಸಿದರು. 1809ರ ವೇಳೆಗೆ ದಂಡು ಇಲ್ಲಿಗೆ ಬಂದು ನೆಲೆಸಿತು. ಇಂದಿಗೂ ನಮ್ಮ ಹಿರಿಯರು ‘ದಂಡು’ ಎಂದು ಕರೆಯುವ ದಂಡುಪ್ರದೇಶವು ಹುಟ್ಟಿದುದು ಹೀಗೆ. ಪೇಟೆಯ ಬೆಂಗಳೂರು, ದಂಡಿನ ಬೆಂಗಳೂರು ಎಂದು ಊರು ಎರಡಾಗಿ, ನೂರು ವರ್ಷಕ್ಕೂ ಮಿಗಿಲಾಗಿ ಬೇರೆಬೇರೆ ಆಡಳಿತದಲ್ಲಿ ಬೆಳೆದು, 1949ರಲ್ಲಿ ಒಂದೇ ನಗರಸಭೆಯಾಯಿತು. ನಮ್ಮ ನಗರದ ಈ ಇಬ್ಬಗೆಯ ಜಾತಕದ ಒಂದು ಮೂಲವು ಶ್ರೀರಂಗಪಟ್ಟಣದ ಆ ಸಮಾಧಿಗಳಲ್ಲಿದೆ.

ದ ಮ್ಯೂರಾನನ ದಂಡು ಮಾತ್ರ ಬೆಂಗಳೂರಿನ ತಂಪನ್ನು ಕಾಣಲಿಲ್ಲ. 1806ರಲ್ಲಿ ಅದು ಭಾರತವನ್ನು ಬಿಟ್ಟಿತು. ಬಳಿಕ ಮೆಡಿಟರೇನಿಯನ್ ಸಮುದ್ರದ ಸಿಸಿಲಿ, ಮಾಲ್ಟಾ ಮೊದಲಾದ ಎಡೆಗಳಲ್ಲಿ ಕಾವಲಿದ್ದು, 1813ರಲ್ಲಿ ಅಮೆರಿಕದವರೊಡನೆ ನಡೆಯುತ್ತಿದ್ದ ಯುದ್ಧಕ್ಕಾಗಿ ಕೆನಡಾ ದೇಶಕ್ಕೆ ಹೋಯಿತು. ಅಷ್ಟು ಹೊತ್ತಿಗೆ ಅದರಲ್ಲಿ ಸ್ವಿಸ್ ಜನರಿಗಿಂತ ನಾನಾ ದೇಶಗಳಿಂದ ಬಂದು ಸೇರಿದವರೇ ಹೆಚ್ಚಾಗಿದ್ದರು. 1816ರಲ್ಲಿ ಇಂಗ್ಲಿಷರು ದಂಡನ್ನು ವಿಸರ್ಜಿಸಿದರು. ಊರು ಸೇರುವ ಬಯಕೆಯಿಲ್ಲದ ನೂರು ಮಂದಿಯಷ್ಟು ಸಿಪಾಯಿಗಳನ್ನು ಲಾರ್ಡ್ ಸೆಲ್ಕರ್ಕನು ತನ್ನ ಕೆಂಪುನದಿಯ ಒಕ್ಕಲು ನೆಲೆಯ ರಕ್ಷಣೆಗಾಗಿ ಕರೆದೊಯ್ದನು. ಇಂದು ವಿನಿಪೆಗ್ ನಗರವಿರುವ ಆ ಹಿಮದ ಬಯಲಿನಲ್ಲಿ ಅವರಿಗೆ ಭೂಮಿ ದೊರೆಯಿತು. 1826ರಲ್ಲಿ ನದಿ ಉಕ್ಕಿ ಬೆಳೆ ಮನೆಗಳನ್ನು ಕೊಚ್ಚಿಕೊಂಡು ಹೋದಾಗ ಅವರಲ್ಲಿ ಹೆಚ್ಚಿನವರು ಅಲ್ಲಿಂದಲೂ ಕದಲಿದರು. ಕತ್ತಿಯಿಂದ ಭೂಮಿಯನ್ನು ಗೆದ್ದುಕೊಡಬಲ್ಲವರಿಗೆ ಒಂದು ಹಿಡಿ ಭೂಮಿಯಲ್ಲಿ ಬೇರೂರುವುದು ಸಾಧ್ಯವಾಗಲಿಲ್ಲ.

ದಂಡಿನ ಒಡೆಯನ ಕಡೆಗಾಲ ಇದಕ್ಕೆ ತದ್ವಿರುದ್ಧ. ಶಾರ್ಲ್ ದಾನಿಯೆಲ್ ದ ಮ್ಯೂರಾನನು ಶ್ರೀರಂಗಪಟ್ಟಣದ ಬಿರುಕನ್ನು ಹತ್ತಿದವನಲ್ಲ. ಅವನು ಜನರಲ್ ಪದವಿಯನ್ನೂ ಸಂಪತ್ತನ್ನೂ ಪಡೆದು, ಹುಟ್ಟಿದ ಸೀಮೆಗೆ ಮರಳಿ, 1806ರಲ್ಲಿ, ತನ್ನ ದಂಡು ಭಾರತವನ್ನು ಬಿಟ್ಟ ವರ್ಷದಲ್ಲಿಯೇ, ತೀರಿಕೊಂಡನು. ತಾನು ಸಂಗ್ರಹಿಸಿದ ಅಪೂರ್ವ ವಸ್ತುಗಳನ್ನು 1795ರಲ್ಲಿ, ದಂಡನ್ನು ಕೈಬದಲಿಸಿದ ವರ್ಷದಲ್ಲಿಯೇ, ನ್ಯೂಶಾಟೆಲ್ ನಗರಕ್ಕೆ ದಾನಮಾಡಿದನು. ಆ ನಗರದ ವಸ್ತುಸಂಗ್ರಹಾಲಯಗಳಿಗೆ ಆ ದಾನವೇ ಮೂಲವೆಂದು ಅಲ್ಲಿಯ ಜನ ಕೃತಜ್ಞತೆಯಿಂದ ನೆನೆಯುತ್ತಾರೆ. ಚಿಪ್ಪುಗಳೂ ಆಯುಧಗಳೂ ಜೋಪಾನವಾಗಿ ಊರು ಸೇರಿದುವು. ಮನುಷ್ಯರಲ್ಲಿ ಅನೇಕರು ಸೇರಲಿಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರೋಣ. ಈ ಯೋಧರನ್ನು ನಾವು ಹೇಗೆ ಎಣಿಸಬೇಕು? ನಮ್ಮಲ್ಲಿ ‘ಜೋಳದ ಪಾಳಿ’ ಎಂಬ ಹಳೆಯ ಮಾತೊಂದು ಉಂಟು. ಒಡೆಯನಿತ್ತ ಅನ್ನದ ಋಣವನ್ನು ಪ್ರಾಣಕೊಟ್ಟಾದರೂ ತೀರಿಸುವುದೆಂದು ಅದರ ಭಾವ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಕುವರ ಲಕ್ಷ್ಮನ ಸ್ತಂಭವಿದೆ. ವೀರಬಲ್ಲಾಳನು ತೀರಿದಾಗ ಅವನ ದಂಡನಾಯಕನಾದ ಲಕ್ಷ್ಮನು ತನ್ನ ಪರಿವಾರದೊಡನೆ ಆತ್ಮಾರ್ಪಣ ಮಾಡಿಕೊಂಡುದನ್ನು ಅದು ಸಾರುತ್ತದೆ. ಅಲ್ಲಿ ಕಟ್ಟುಪಾಡು ಒಬ್ಬ ಮನುಷ್ಯನಿಗೂ ಇನ್ನೊಬ್ಬ ಮನುಷ್ಯನಿಗೂ ನಡುವಣದು. ಒಡೆಯನನ್ನು ಆಳು ಕಣ್ಣಾರೆ ಕಂಡಿದ್ದಾನೆ, ಅವನ ಪಂಕ್ತಿಯಲ್ಲಿ ಉಂಡಿದ್ದಾನೆ. ಸ್ವಿಸ್ ಸಿಪಾಯಿಗೆ ಇದ್ದುದೂ ನಿಷ್ಠೆಯೇ. ಆದರೆ ಅದು ಕಾಗದಕ್ಕೆ ಕಟ್ಟಿದ ನಿಷ್ಠೆ, ಮತ್ತು ಆ ಕಾಗದವು ಬೇರೊಬ್ಬನ ಪೆಟ್ಟಿಗೆಯಲ್ಲಿದ್ದಿತು. ಅವನು ಮಾತಿಗೆ ತಪ್ಪಿದವನಲ್ಲ. ಅವನ ಮಾತನ್ನೇ ಇನ್ನೊಬ್ಬನು ಮಾರಿದನು. ದ್ರೋಹವೆಂಬ ಶಬ್ದವನ್ನು ಬಳಸಲೇಬೇಕಾದರೆ ಸಮಾಧಿಗಳ ಮೇಲೆ ಅದನ್ನು ಬರೆಯಲಾಗದು.

ಹೀಗೆಂದು ತೀರ್ಪು ಕೊಟ್ಟು ನಾವು ಕೈತೊಳೆದುಕೊಳ್ಳುವಂತಿಲ್ಲ. ಆ ಮೇ 4ರಂದು ನದಿಯನ್ನು ದಾಟಿದ 4,376 ಮಂದಿಯಲ್ಲಿ 1,882 ಮಂದಿ ಈ ದೇಶದವರೇ. ಅವರೂ ಸಂಬಳಕ್ಕಾಗಿ ಬಂದವರು. ಅವರ ಮನೆಯಲ್ಲಿಯೂ ಭೂಮಿ ಕಡಮೆ, ಮಕ್ಕಳು ಹೆಚ್ಚು. ಪರದೇಶಿಯನ್ನು ‘ಬಾಡಿಗೆಯ ಕತ್ತಿ’ ಎಂದು ಹಳಿಯುವ ನಾಲಗೆಯು ಇವರನ್ನು ಏನೆಂದು ಕರೆದೀತು? ಬಡತನಕ್ಕೆ ದೇಶಭೇದವಿಲ್ಲ. ಆಲ್ಪ್ಸ್ ಪರ್ವತದ ಹಳ್ಳಿಯಲ್ಲಿಯೂ ಆರ್ಕಾಟಿನ ಹಳ್ಳಿಯಲ್ಲಿಯೂ ದಂಡಿನ ತಮಟೆಗೆ ಕಿವಿಗೊಟ್ಟವರು ಒಂದೇ ಕಾರಣದಿಂದ ಕಿವಿಗೊಟ್ಟರು. ಸ್ವಿಸ್ ಜನರು ಈ ವ್ಯಾಪಾರದ ಹೇಯವನ್ನು ತಾವೇ ಅರಿತುಕೊಂಡು, 1848ರ ತಮ್ಮ ರಾಜ್ಯಾಂಗದಲ್ಲಿ ಪರರಾಜ್ಯಗಳೊಡನೆ ಇಂಥ ಹೊಸ ಕರಾರುಗಳನ್ನು ನಿಷೇಧಿಸಿದರು.

ಇನ್ನೂ ಒಂದು ಮಾತುಂಟು. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣವನ್ನು ಹಿಡಿದ ಕುದುರೆ ದಂಡುಗಳಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇದ್ದಿತು. ತುರ್ಕರ ಮೆಷಿನ್ ಗನ್ನುಗಳ ಎದುರಿಗೆ ಜೋಧಪುರದ ಸವಾರರೊಡನೆ ಭರ್ಜಿಗಳನ್ನು ಹಿಡಿದು ನಮ್ಮ ಸವಾರರು ನುಗ್ಗಿದರು. ತುರ್ಕರು ನಮಗೆ ಮಾಡಿದ ಅಪಕಾರವೇನು? ಏನೂ ಇಲ್ಲ. ಆ ಯುದ್ಧದಲ್ಲಿ ಮಡಿದ ಮೈಸೂರಿನವರ ಹೆಸರುಗಳನ್ನು ಬೆಂಗಳೂರಿನ ಜೆ. ಸಿ. ನಗರದ ಸ್ಮಾರಕದಲ್ಲಿ ಕೆತ್ತಿದ್ದಾರೆ. ಹೈಫಾದಲ್ಲಿರುವ ಭಾರತೀಯ ಯೋಧರ ಸ್ಮಶಾನವನ್ನು ಅಲ್ಲಿಯ ಜನ ಗೌರವದಿಂದ ನೋಡಿಕೊಳ್ಳುತ್ತಾರೆ. ಅದನ್ನು ಕೇಳಿದಾಗ ನಮ್ಮ ಎದೆ ತುಂಬಿಬರುತ್ತದೆ. ಪರರ ಜಗಳದಲ್ಲಿ ಸತ್ತ ನಮ್ಮವರಿಗೆ ಪರನೆಲದಲ್ಲಿ ಗೌರವ ದೊರೆಯಬೇಕೆಂದು ಬಯಸುವ ನಾವು, ಪರರ ಜಗಳದಲ್ಲಿ ಸತ್ತು ನಮ್ಮ ನೆಲವನ್ನು ಸೇರಿದವರಿಗೆ ಏನನ್ನು ಸಲ್ಲಿಸಬೇಕು? ಈ ಸ್ವಿಸ್ ಸಮಾಧಿಗಳು ನಮ್ಮನ್ನು ಕೇಳುವ ಮಾತು ಇದು.

ಬಹುಕಾಲ ಈ ಸ್ಮಶಾನ ಮುಳ್ಳುಕಂಟಿ ಬೆಳೆದು ಹಾಳುಬಿದ್ದಿದ್ದಿತು. ದ ಮ್ಯೂರಾನ್ ಮನೆತನದವರ ನೆರವಿನಿಂದ 2008ರಲ್ಲಿ ಅದರ ಜೀರ್ಣೋದ್ಧಾರ ನಡೆಯಿತು. ಒಡೆಯನು ಬಿಟ್ಟುಹೋದವರ ಬಳಿಗೆ ಅವನ ವಂಶದವರು ಇನ್ನೂರು ವರ್ಷಗಳ ಮೇಲಾದರೂ ಬಂದರು; ಅಷ್ಟರ ಮಟ್ಟಿಗೆ ಒಂದು ಬಾಕಿ ಸಂದಾಯವಾಯಿತೆನ್ನಬೇಕು. ಜಯನಗರದಿಂದಲೋ ಬನಶಂಕರಿಯಿಂದಲೋ ಭಾನುವಾರ ಮಕ್ಕಳನ್ನು ಕರೆದುಕೊಂಡು ರಂಗನಾಥನ ದರ್ಶನಕ್ಕೂ ದರಿಯಾ ದೌಲತ್ತಿಗೂ ಹೋಗುವ ಸಂಸಾರಗಳು ಈ ಸ್ಮಶಾನದ ಬಾಗಿಲನ್ನೂ ಒಮ್ಮೆ ತೆರೆದು ನೋಡಲಿ. ಹಿಂದಿರುಗುವಾಗ ಬೇಗೂರಿನ ವೀರಗಲ್ಲನ್ನೂ ನೆನೆಯಲಿ. ಒಂದನ್ನು ನಮ್ಮ ಭಾಷೆಯಲ್ಲಿ ಕೆತ್ತಿದೆ, ಇನ್ನೊಂದನ್ನು ಪರಭಾಷೆಯಲ್ಲಿ. ಎರಡರ ಕೆಳಗೂ ಇರುವುದು ಬೇರೊಬ್ಬನ ಕಾರ್ಯಕ್ಕೆ ಹೊರಟು ಮನೆಗೆ ಮರಳದ ಮನುಷ್ಯನೇ.